ಕೋಟೆಯ ವೇಷ ತೊಟ್ಟ ಇಟ್ಟಿಗೆ ಮನೆ

ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫೊಕ್ ಕೌಂಟಿಯಲ್ಲಿ ಆಕ್ಸ್‌ಬರಾ ಹಾಲ್ ಅನ್ನೋ ಮನೆಯಿದೆ. ಸುತ್ತ ನಾಲ್ಕೂ ಕಡೆ ನೀರು ತುಂಬಿದ ಕಂದಕ. ಆ ನೀರಿನೊಳಗಿಂದಲೇ ಎದ್ದು ನಿಂತಂತೆ ಕೆಂಪು ಇಟ್ಟಿಗೆಯ ಗೋಡೆಗಳು. ಮುಂದೆ ಸುಮಾರು 80 ಅಡಿ ಎತ್ತರದ ಹೆಬ್ಬಾಗಿಲು, ಅದರ ಎರಡೂ ಬದಿಗೆ ಬುರುಜು, ಬುರುಜಿನ ತಲೆ ಮೇಲೆ ಕೋಟೆಯ ತೆನೆಗಳು, ಅಂದರೆ ಏರುತಗ್ಗಿನ ಹಲ್ಲುಗಳ ಸಾಲು. ಫೋಟೊ ನೋಡಿದ ಯಾರಾದರೂ ಇದನ್ನು ಕೋಟೆ ಎಂದೇ ಕರೆಯುತ್ತಾರೆ. ಆದರೆ ಇದು ಕೋಟೆಯಲ್ಲ. ಕೋಟೆಯ ಹಾಗೆ ಕಾಣಲಿ ಎಂದು ಒಬ್ಬ ಜಮೀನುದಾರ ಕಟ್ಟಿಸಿಕೊಂಡ ವಾಸದ ಮನೆ.

ಈ ಮನೆಯಲ್ಲಿ ವೇಷ ಒಂದಲ್ಲ. 15ನೇ ಶತಮಾನದಲ್ಲಿ ಕೋಟೆಯ ವೇಷ. 16ನೇ ಶತಮಾನದಲ್ಲಿ ಒಳಗೆ ಗುಟ್ಟು ಇಟ್ಟುಕೊಂಡು ಹೊರಗೆ ಏನೂ ಇಲ್ಲದಂತೆ ನಿಂತ ವೇಷ. 19ನೇ ಶತಮಾನದಲ್ಲಿ ಇದ್ದ ವಯಸ್ಸಿಗಿಂತ ಜಾಸ್ತಿ ಹಳತಾಗಿ ಕಾಣುವ ವೇಷ. ಮೂರಕ್ಕೂ ಬಳಸಿದ್ದು ಒಂದೇ ವಸ್ತು, ಇಟ್ಟಿಗೆ. ಇಟ್ಟಿಗೆಯ ವಿಷಯ ಸ್ವಲ್ಪ ಗೊತ್ತಿದ್ದರೆ ಯಾವುದು ಯಾವ ಕಾಲದ ವೇಷ ಎಂದು ನಾವೇ ಬಿಡಿಸಿ ಹೇಳಬಹುದು.

ಮೊದಲು ಇಟ್ಟಿಗೆಯಿಂದಲೇ ಶುರು ಮಾಡೋಣ. ನಾರ್ಫೊಕ್ ಕಡೆ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಇಲ್ಲವೇ ಇಲ್ಲ ಎನ್ನಬಹುದು. ಸಿಗುವುದು ಫ್ಲಿಂಟ್ ಎಂಬ ಗಾಜಿನಂಥ ಗಟ್ಟಿ ಉಂಡೆಕಲ್ಲು. ಅದರಲ್ಲಿ ಗೋಡೆ ಎಬ್ಬಿಸಬಹುದು, ಆದರೆ ನೇರವಾದ ಮೂಲೆ ತೆಗೆಯುವುದು ಕಷ್ಟ. ಚೆನ್ನಾಗಿರುವ ಕಲ್ಲು ಬೇಕೆಂದರೆ ದೂರದಿಂದ ದೋಣಿಯಲ್ಲಿ ತರಬೇಕು, ಸಾಗಣೆಗೇ ದುಡ್ಡು ಹೋಗುತ್ತಿತ್ತು. ಜೇಡಿಮಣ್ಣು ಮಾತ್ರ ಬೇಕಾದಷ್ಟಿತ್ತು. ರೋಮನ್ನರು ಹೋದ ಮೇಲೆ ಇಂಗ್ಲೆಂಡಿನಲ್ಲಿ ಇಟ್ಟಿಗೆ ಸುಡುವ ಕಸುಬೇ ನಿಂತುಹೋಗಿ, 13ನೇ ಶತಮಾನದ ಹೊತ್ತಿಗೆ ನಿಧಾನವಾಗಿ ಮರಳಿ ಬಂತು. ಸಮುದ್ರದ ಆಚೆ ದಡದ ಫ್ಲಾಂಡರ್ಸ್, ಹಾಲೆಂಡ್ ಕಡೆ ಇಟ್ಟಿಗೆ ಕೆಲಸ ಆಗಲೇ ಜೋರಾಗಿತ್ತು. ಪೂರ್ವ ಇಂಗ್ಲೆಂಡಿಗೂ ಆ ಊರುಗಳಿಗೂ ವ್ಯಾಪಾರದ ನಂಟು. ಹೀಗಾಗಿ ಇಟ್ಟಿಗೆ ಮೊದಲು ಬೇರೂರಿದ್ದು ಈ ಭಾಗದಲ್ಲೇ.

ಒಂದು ಮಾತು ಇಲ್ಲಿ ನೆನಪಿಡಬೇಕು. ಇವತ್ತು ಇಟ್ಟಿಗೆ ಅಂದರೆ ನಮಗೆ ಸಾಮಾನ್ಯ ವಸ್ತು, ಕಲ್ಲು ಅಂದರೆ ದೊಡ್ಡದು. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಬಡವರ ಮನೆ ಮರದ ಚೌಕಟ್ಟಿಗೆ ಮಣ್ಣು ಮೆತ್ತಿದ್ದು. ಇಟ್ಟಿಗೆ ಹೊಸ ಕಾಲದ್ದು, ರಾಜನ ಆಸ್ಥಾನದಲ್ಲಿ ಓಡಾಡುವವರ ಖಯಾಲಿ. ಲಿಂಕನ್‌ಶೈರ್‌ನ ಟ್ಯಾಟರ್ಶಾಲ್‌ನಲ್ಲಿ ರಾಜನ ಖಜಾಂಚಿ ರಾಲ್ಫ್ ಕ್ರಾಮ್‌ವೆಲ್ 1430-40ರ ದಶಕಗಳಲ್ಲಿ ಇಟ್ಟಿಗೆಯಲ್ಲೇ ಭಾರೀ ಗೋಪುರ ಎಬ್ಬಿಸಿದ್ದ. ಸಸೆಕ್ಸ್‌ನಲ್ಲಿ ಹರ್ಸ್ಟ್‌ಮನ್ಸೂ ಎಂಬ ಇಟ್ಟಿಗೆ ಕೋಟೆ ಎದ್ದಿತ್ತು. ಇಟ್ಟಿಗೆಯಲ್ಲಿ ಕಟ್ಟಿಸುವುದೆಂದರೆ ‘ನಾನೂ ಆ ಸಾಲಿನವನೇ’ ಎಂದು ಊರಿಗೆಲ್ಲ ಹೇಳಿದ ಹಾಗೆ.

ಟ್ಯಾಟರ್ಶಾಲ್ ಹೆಸರು ಬಂದದ್ದಕ್ಕೆ ಒಂದು ಪಕ್ಕದ ಮಾತು. ಆ ಗೋಪುರ 1911ರಲ್ಲಿ ಹಾಳಾಗಿ ಹೋಗುವುದರಲ್ಲಿತ್ತು, ಒಳಗಿನ ಕೆತ್ತನೆಯ ಬೆಂಕಿಗೂಡುಗಳನ್ನು ಕಿತ್ತು ಮಾರಿಯೂ ಆಗಿತ್ತು. ಅದನ್ನು ಕೊಂಡು ಉಳಿಸಿದವನು ಲಾರ್ಡ್ ಕರ್ಜನ್. ಭಾರತದ ವೈಸ್‌ರಾಯ್ ಆಗಿದ್ದಾಗ 1904ರ ಪ್ರಾಚೀನ ಸ್ಮಾರಕ ರಕ್ಷಣಾ ಕಾಯ್ದೆ ತಂದವನೂ ಇವನೇ. ಬಂಗಾಳ ಒಡೆದವನ ಬಗ್ಗೆ ನಮಗೆ ಒಳ್ಳೆಯ ಮಾತು ಸುಲಭವಾಗಿ ಬರುವುದಿಲ್ಲ, ಆದರೆ ಹಳೆಯ ಕಟ್ಟಡಗಳ ವಿಷಯದಲ್ಲಿ ಅವನ ಲೆಕ್ಕವೇ ಬೇರೆ.

ಆ ಕಾಲದಲ್ಲಿ ಇಟ್ಟಿಗೆ ಕೆಲಸಕ್ಕೆ ಒಂದು ವರ್ಷದ ಸುತ್ತು ಬೇಕಿತ್ತು. ಚಳಿಗಾಲಕ್ಕೆ ಮುಂಚೆ ಮಣ್ಣು ಅಗೆದು ಗುಡ್ಡೆ ಹಾಕುತ್ತಿದ್ದರು. ಹಿಮ ಬಿದ್ದು ಹೆಪ್ಪುಗಟ್ಟಿ ಕರಗಿ, ಹೆಂಟೆಗಳೆಲ್ಲ ತಾವಾಗಿಯೇ ಒಡೆದು ಪುಡಿಯಾಗುತ್ತಿದ್ದವು. ವಸಂತದಲ್ಲಿ ಕಲ್ಲು ಆರಿಸಿ, ನೀರು ಹಾಕಿ ತುಳಿದು ಹದ ಮಾಡುವುದು. ಬೇಸಿಗೆಯಲ್ಲಿ ಮರದ ಅಚ್ಚಿನಲ್ಲಿ ಹೊಯ್ದು, ಸಾಲಾಗಿ ಒಣಗಿಸಿ, ಗೂಡು ಹಾಕಿ ವಾರಗಟ್ಟಲೆ ಸುಡುವುದು. ಈ ಗೂಡಿನಲ್ಲಿ ಶಾಖ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅಂಚಿನ ಇಟ್ಟಿಗೆ ಬೇಯದೆ ಮೆತ್ತಗಿರುತ್ತದೆ. ಬೆಂಕಿಯ ಬಾಯಿಯ ಹತ್ತಿರದ್ದು ಅತಿಯಾಗಿ ಬೆಂದು, ಮೈ ಕರಗಿ, ನೀಲಿ-ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಜಾಣ ಮೇಸ್ತ್ರಿಗಳು ಅದನ್ನು ಎಸೆಯಲಿಲ್ಲ. ಕೆಂಪು ಗೋಡೆಯಲ್ಲಿ ಆ ಕಪ್ಪು ತಲೆಗಳನ್ನು ಲೆಕ್ಕ ಹಾಕಿ ಜೋಡಿಸಿ ವಜ್ರಾಕಾರದ ಜಾಲ ಬಿಡಿಸಿದರು. ಹ್ಯಾಂಪ್ಟನ್ ಕೋರ್ಟ್ ಅರಮನೆಯಂಥ ಟ್ಯೂಡರ್ ಕಾಲದ ಗೋಡೆಗಳ ಮೇಲೆ ಕಾಣುವ ಆ ವಿನ್ಯಾಸ ಹುಟ್ಟಿದ್ದು ಹೀಗೆ ಕೆಟ್ಟ ಇಟ್ಟಿಗೆಯಿಂದ.

ಡಿಪ್ಲೊಮಾದಲ್ಲಿ ಸಿವಿಲ್ ಓದಿದವರಿಗೆ ಇಂಗ್ಲಿಷ್ ಬಾಂಡ್ ಎಂಬ ಇಟ್ಟಿಗೆ ಜೋಡಿಸುವ ಕ್ರಮ ಗೊತ್ತಿರುತ್ತದೆ. ಒಂದು ಸಾಲು ಪೂರ್ತಿ ಇಟ್ಟಿಗೆಯ ಉದ್ದ ಮೈ ಹೊರಗೆ, ಅಂದರೆ ಸ್ಟ್ರೆಚರ್. ಮೇಲಿನ ಸಾಲು ಪೂರ್ತಿ ಅದರ ತಲೆ ಹೊರಗೆ, ಅಂದರೆ ಹೆಡರ್. ಹೆಡರ್ ಇಟ್ಟಿಗೆ ಗೋಡೆಯ ಒಳಕ್ಕೆ ಅಡ್ಡ ಹೋಗಿ ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಹಿಡಿದಿಡುತ್ತದೆ. ಹೆಡರ್ ಇಲ್ಲದಿದ್ದರೆ ಗೋಡೆಯ ಹೊಟ್ಟೆ ಉಬ್ಬಿ ಬೀಳುತ್ತದೆ. 15ನೇ ಶತಮಾನದ ಕೆಲಸದಲ್ಲಿ ಈ ನಿಯಮ ಇನ್ನೂ ಗಟ್ಟಿಯಾಗಿರಲಿಲ್ಲ. ಸಾಲು ತಪ್ಪುತ್ತದೆ, ತುಂಡು ಇಟ್ಟಿಗೆ ನುಸುಳುತ್ತದೆ. ಇಟ್ಟಿಗೆ ತೆಳ್ಳಗೆ, ಎರಡು ಇಂಚಿನ ಆಸುಪಾಸು. ಒಂದಕ್ಕೊಂದು ಅಳತೆ ಕೂಡುವುದಿಲ್ಲ. ಅದಕ್ಕೇ ನಡುವಿನ ಗಾರೆ ದಪ್ಪ. ಅಳತೆಯ ತಪ್ಪನ್ನೆಲ್ಲ ಆ ದಪ್ಪ ಗಾರೆಯೇ ನುಂಗಬೇಕು. ಲಂಡನ್ನಿನಲ್ಲಿ ಇಟ್ಟಿಗೆಯ ಅಳತೆ 9 ಇಂಚು, 4¼ ಇಂಚು, 2¼ ಇಂಚು ಎಂದು ನಿಗದಿಯಾದದ್ದು 1571ರಲ್ಲಿ. ಒಂದು ಸಾಲು ತಲೆ, ಒಂದು ಸಾಲು ಮೈ ಅನ್ನುವ ಬದಲು ಒಂದೇ ಸಾಲಿನಲ್ಲಿ ತಲೆ-ಮೈ ತಲೆ-ಮೈ ಎಂದು ಬರುವ ಫ್ಲೆಮಿಶ್ ಬಾಂಡ್ ಕಂಡರೆ, ಆ ಗೋಡೆ ಸಾಮಾನ್ಯವಾಗಿ 17ನೇ ಶತಮಾನದ್ದು ಅಥವಾ ಅದರ ನಂತರದ್ದು. 1631ರ ಕ್ಯೂ ಅರಮನೆ ಅದರ ಮೊದಮೊದಲ ಉದಾಹರಣೆ.

ಈಗ ಆಕ್ಸ್‌ಬರಾಗೆ ಬರೋಣ. ಕಟ್ಟಿಸಿದವನು ಸರ್ ಎಡ್ಮಂಡ್ ಬೆಡಿಂಗ್‌ಫೆಲ್ಡ್. ಜಮೀನು ಅವನಿಗೆ ಅಜ್ಜಿಯ ಕಡೆಯಿಂದ ಬಂದದ್ದು. 1482ರಲ್ಲಿ ದೊರೆ ನಾಲ್ಕನೇ ಎಡ್ವರ್ಡ್ ಅವನಿಗೆ ಒಂದು ಪರವಾನಗಿ ಕೊಟ್ಟ. ಮನೆಗೆ ತೆನೆ ಕಟ್ಟಿಸಿಕೊಳ್ಳುವ ಪರವಾನಗಿ! ಗೋಡೆಯ ತಲೆಗೆ ಏರುತಗ್ಗಿನ ಹಲ್ಲು ಬೇಕೆಂದರೂ ಆ ದೇಶದಲ್ಲಿ ರಾಜನನ್ನು ಕೇಳುವ ಪದ್ಧತಿಯಿತ್ತು. ಕೋಟೆಗಳು ಲಂಗುಲಗಾಮಿಲ್ಲದೆ ಏಳದಿರಲಿ ಎಂಬ ಭದ್ರತೆಯ ವಿಷಯ ಇದು ಎಂದು ಹಿಂದೆ ತಿಳಿಯುತ್ತಿದ್ದರು. ಈಚಿನ ಇತಿಹಾಸಕಾರರಲ್ಲಿ ಹಲವರು, ಅದು ಹೆಚ್ಚಾಗಿ ಮರ್ಯಾದೆಯ ಕಾಗದ ಎನ್ನುತ್ತಾರೆ. ರಾಜನಿಂದ ತೆನೆಗೆ ಅಪ್ಪಣೆ ಪಡೆದವನು ಅಂದರೆ ರಾಜನಿಗೆ ಬೇಕಾದವನು. ತೆನೆ ಕಾವಲಿಗಿಂತ ಬಿರುದಿಗೆ ಹತ್ತಿರ.

ಹೆಬ್ಬಾಗಿಲನ್ನು ಎದುರಿನಿಂದ ನೋಡಿದರೆ ಆ ಮಾತು ನಿಜ ಅನ್ನಿಸುತ್ತದೆ. ಕಂದಕ ಇದೆ, ಬುರುಜು ಇದೆ, ಬಾಣ ಬಿಡುವ ಕಂಡಿಗಳಿವೆ, ಬುರುಜುಗಳ ನಡುವೆ ಎತ್ತರದಲ್ಲಿ ಕೆಳಗಿನವರ ಮೇಲೆ ಏನಾದರೂ ಸುರಿಯಲು ಬರುವಂಥ ಕಮಾನಿದೆ. ಸರಿ. ಆದರೆ ಬಾಗಿಲಿನ ನೇರ ಮೇಲೆ, ಶತ್ರು ಬರಬೇಕಾದ ದಿಕ್ಕಿಗೇ, ಒಂದರ ಮೇಲೊಂದು ಎರಡು ದೊಡ್ಡ ಕಿಟಕಿಗಳು. ಯುದ್ಧಕ್ಕೆ ಸಿದ್ಧನಾದವನು ಅಲ್ಲಿ ಅಷ್ಟು ಅಗಲದ ಗಾಜು ಇಡುತ್ತಾನಾ? ಬುರುಜಿನ ಮೈ ಮೇಲೆ ಅಂತಸ್ತಿಗೊಂದರಂತೆ ಪಟ್ಟಿ, ಪಟ್ಟಿಯ ಕೆಳಗೆ ಇಟ್ಟಿಗೆಯಲ್ಲೇ ಮಾಡಿದ ಪುಟ್ಟ ಕಮಾನುಗಳ ಸಾಲು. ಇದೆಲ್ಲ ಅಂದಕ್ಕೆ.

ಹಾಗಂತ ಪೂರ್ತಿ ನಾಟಕ ಅನ್ನುವುದೂ ಸರಿಯಲ್ಲ. ಅದು ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದ ಕಾಲ. ಇದೇ ನಾರ್ಫೊಕ್‌ನ ಕೇಸ್ಟರ್ ಎಂಬ ಇಟ್ಟಿಗೆ ಕೋಟೆಯನ್ನು 1469ರಲ್ಲಿ ನಾರ್ಫೊಕ್‌ನ ಡ್ಯೂಕ್ ಮುತ್ತಿಗೆ ಹಾಕಿ ಕಿತ್ತುಕೊಂಡಿದ್ದ. ಅದು ದೇಶದ ಯುದ್ಧವಲ್ಲ, ಆಸ್ತಿ ಜಗಳ. ಕಂದಕ ಮತ್ತು ಗಟ್ಟಿ ಬಾಗಿಲು ಕಳ್ಳರನ್ನು, ಪುಂಡರ ಗುಂಪನ್ನು ತಡೆಯುತ್ತದೆ. ಫಿರಂಗಿ ತಂದ ಸೈನ್ಯವನ್ನು ತಡೆಯುವುದಿಲ್ಲ. ನನ್ನ ಪ್ರಕಾರ ಎಡ್ಮಂಡ್‌ಗೆ ಬೇಕಾಗಿದ್ದೂ ಅಷ್ಟೇ.

ಒಳಗಿನ ವಿನ್ಯಾಸ ನಮ್ಮವರಿಗೆ ತಟ್ಟನೆ ಅರ್ಥವಾಗುತ್ತದೆ. ತೊಟ್ಟಿ ಮನೆಯ ಹಾಗೆ ನಡುವೆ ತೆರೆದ ಅಂಗಳ, ನಾಲ್ಕು ಸುತ್ತಲೂ ಕೋಣೆಗಳ ಸಾಲು. ಅಳತೆ ಮಾತ್ರ ಬಲು ದೊಡ್ಡದು. ಉತ್ತರಕ್ಕೆ ಹೆಬ್ಬಾಗಿಲು. ಅದಕ್ಕೆ ಎದುರಾಗಿ, ಅಂಗಳದ ಆಚೆ ದಕ್ಷಿಣಕ್ಕೆ, ದೊಡ್ಡ ಹಜಾರ. ಊಟ, ಪಂಚಾಯಿತಿ, ಒಕ್ಕಲುಗಳ ಲೆಕ್ಕಾಚಾರ, ಹಬ್ಬ ಎಲ್ಲ ಅಂಥ ಹಜಾರದಲ್ಲೇ ನಡೆಯುತ್ತಿದ್ದವು. ಹಜಾರದ ಒಂದು ತುದಿಗೆ ಅಡುಗೆಮನೆಯ ಕಡೆ, ಇನ್ನೊಂದು ತುದಿಗೆ ಯಜಮಾನನ ಖಾಸಗಿ ಕೋಣೆಗಳ ಕಡೆ. ಆ ಕಾಲದ ದೊಡ್ಡ ಇಂಗ್ಲಿಷ್ ಮನೆಗಳ ಪಾಠವೇ ಇದು. ಬಂದವನು ಯಾರು ಎನ್ನುವುದರ ಮೇಲೆ ಅವನು ಎಲ್ಲಿಯವರೆಗೆ ಒಳಗೆ ಬರಬಹುದು ಎಂಬುದು ನಿಶ್ಚಯ.

ಅತಿ ಮುಖ್ಯ ಅತಿಥಿಗೆ ಹೆಬ್ಬಾಗಿಲಿನ ಮೇಲಿನ ಕೋಣೆ. 1487ರಲ್ಲಿ ದೊರೆ ಏಳನೇ ಹೆನ್ರಿ ಇಲ್ಲಿಗೆ ಬಂದ. ಆ ಕೋಣೆಗೆ ಇಂದಿಗೂ ರಾಜನ ಕೋಣೆ ಎಂದೇ ಹೆಸರು, ಅದರ ಮೇಲಿನದು ರಾಣಿಯ ಕೋಣೆ. ಬೆಡಿಂಗ್‌ಫೆಲ್ಡ್‌ಗೆ ತೆನೆಯ ಅಪ್ಪಣೆ ಕೊಟ್ಟದ್ದು ಯಾರ್ಕ್ ವಂಶ. ಆ ವಂಶವನ್ನು ಸೋಲಿಸಿ ಪಟ್ಟಕ್ಕೆ ಬಂದವನು ಹೆನ್ರಿ. ಐದೇ ವರ್ಷದಲ್ಲಿ ಅದೇ ಮನೆಯಲ್ಲಿ ಅವನಿಗೆ ಆತಿಥ್ಯ! ದೊಡ್ಡ ಮನೆ ಕಟ್ಟಿಸುವವರಿಗೆ ಇಂಥ ಚಾಕಚಕ್ಯತೆಯೂ ಬೇಕಾಗುತ್ತದೆ.

ಇಡೀ ಮನೆಯಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕೋಣೆಗಳಿಗೆ ಹತ್ತುವ ಸುರುಳಿ ಮೆಟ್ಟಿಲು. ಬುರುಜಿನೊಳಗೆ ಪೂರ್ತಿ ಇಟ್ಟಿಗೆಯಲ್ಲಿ ಮಾಡಿದ್ದು. ಕಲ್ಲಿನಲ್ಲಾದರೆ ಸುರುಳಿ ಮೆಟ್ಟಿಲು ಸುಲಭ. ಒಂದೊಂದು ಮೆಟ್ಟಿಲಿಗೂ ಒಂದೊಂದು ಉದ್ದ ಕಲ್ಲು, ಒಂದು ತುದಿ ಗೋಡೆಯೊಳಗೆ, ಇನ್ನೊಂದು ನಡುಗಂಬದ ಮೇಲೆ. ಇಟ್ಟಿಗೆಗೆ ಆ ಉದ್ದ ಎಲ್ಲಿಂದ ಬರಬೇಕು? ಅದಕ್ಕೇ ಮೆಟ್ಟಿಲುಗಳ ಅಡಿಗೆ ಇಟ್ಟಿಗೆಯಲ್ಲೇ ಕಮಾನು ಕಟ್ಟಬೇಕು. ಆ ಕಮಾನು ಸುಮ್ನೆ ಒಂದು ಕಡೆ ನಿಲ್ಲುವಂತಿಲ್ಲ, ನಡುಗಂಬವನ್ನು ಸುತ್ತುತ್ತ ಮೇಲಕ್ಕೂ ಏರುತ್ತ ಹೋಗಬೇಕು. ಪ್ರತಿ ಇಟ್ಟಿಗೆಯೂ ಹಿಂದಿನದಕ್ಕಿಂತ ತುಸು ತಿರುಗಿ, ತುಸು ಮೇಲೆ ಕೂರಬೇಕು. ಲೆಕ್ಕ ಒಂದು ಕಡೆ ತಪ್ಪಿದರೆ ಮೇಲೆ ಹೋದ ಹಾಗೆ ತಪ್ಪು ಬೆಳೆಯುತ್ತದೆ. ಸಾಲದ್ದಕ್ಕೆ, ಕೈ ಹಿಡಿದು ಹತ್ತಲು ಗೋಡೆಯೊಳಗೇ ಹಳ್ಳ ತೆಗೆದಂತೆ ಒಂದು ಕೈಪಟ್ಟಿ. ಅದೂ ಇಟ್ಟಿಗೆಯೇ. ಬೇಕಾದ ಆಕಾರದ ಅಚ್ಚಿನಲ್ಲಿ ಹೊಯ್ದು ಸುಟ್ಟ ಇಟ್ಟಿಗೆ ಗೋಡೆಯ ಜೊತೆಗೇ ಸುತ್ತುತ್ತ ಏರುತ್ತದೆ. ಕೆತ್ತಿ ಮಾಡುವುದು ಕಲ್ಲಿನ ದಾರಿ. ಅಚ್ಚು ಹಾಕಿ ಮಾಡುವುದು ಇಟ್ಟಿಗೆಯ ದಾರಿ. ಒಂದು ಅಚ್ಚು ಮಾಡಿದರೆ ನೂರು ತುಂಡು ಬರುತ್ತವೆ. ಕಿಟಕಿಯ ಅಂಚು, ಪುಟ್ಟ ಕಮಾನು, ತಿರುಚಿದ ಚಿಮಣಿ, ಹೀಗೆ ಏನು ಬೇಕಾದರೂ ಮಾಡಬಹುದು. ವೇಷ ಹಾಕಲು ಇಟ್ಟಿಗೆ ಇಷ್ಟು ಒದಗಿದ್ದು ಇದೇ ಕಾರಣಕ್ಕೆ.

ಅಚ್ಚಿನ ಕೆಲಸದ ತುತ್ತತುದಿ ನೋಡಬೇಕೆಂದರೆ ಊರಿನ ಚರ್ಚಿಗೆ ಹೋಗಬೇಕು. ಅಲ್ಲಿರುವ ಬೆಡಿಂಗ್‌ಫೆಲ್ಡ್ ಮನೆತನದ ಸಮಾಧಿಗಳು ಸುಟ್ಟ ಮಣ್ಣಿನವು, ಸುಮಾರು 1525ರ ಕಾಲದವು. ಇಟಲಿಯಿಂದ ಬಂದ ಹೊಸ ಶೈಲಿಯ ಬಳ್ಳಿ, ಕಂಬ ಎಲ್ಲ ಮಣ್ಣಿನಲ್ಲೇ ಅರಳಿವೆ. 1948ರಲ್ಲಿ ಚರ್ಚಿನ ಗೋಪುರ ಕುಸಿದು ಸಭಾಭಾಗ ಪೂರ್ತಿ ಹಾಳಾಯಿತು. ಸಮಾಧಿಗಳಿದ್ದ ಭಾಗ ಮಾತ್ರ ಉಳಿದುಕೊಂಡಿತು.

ಎರಡನೆಯ ವೇಷಕ್ಕೆ ಕಾರಣ ಧರ್ಮ. ಎಂಟನೇ ಹೆನ್ರಿ ರೋಮಿನ ಚರ್ಚಿನಿಂದ ಬೇರೆಯಾದ. ಅವನ ಮಗಳು ಮೊದಲನೇ ಎಲಿಜಬೆತ್ ಕಾಲಕ್ಕೆ ಇಂಗ್ಲೆಂಡ್ ಪ್ರಾಟೆಸ್ಟೆಂಟ್ ದೇಶವಾಗಿ ನೆಲೆಗೊಂಡಿತು. ಬೆಡಿಂಗ್‌ಫೆಲ್ಡ್‌ಗಳು ಕ್ಯಾಥೊಲಿಕರಾಗಿಯೇ ಉಳಿದರು. ಅಷ್ಟೇ ಅಲ್ಲ, ಅಕ್ಕ ಮೇರಿಯ ಆಳ್ವಿಕೆಯಲ್ಲಿ ಎಲಿಜಬೆತ್ ಸೆರೆಯಲ್ಲಿದ್ದಾಗ ಅವಳ ಕಾವಲಿಗಿದ್ದವನೇ ಈ ಮನೆಯ ಸರ್ ಹೆನ್ರಿ ಬೆಡಿಂಗ್‌ಫೆಲ್ಡ್. 1581ರಿಂದ ಸರಕಾರಿ ಚರ್ಚಿಗೆ ಬಾರದವರಿಗೆ ತಿಂಗಳಿಗೆ 20 ಪೌಂಡ್ ದಂಡ, ಆ ಕಾಲಕ್ಕೆ ಮನೆ ಮುರಿಯುವಷ್ಟು ಹಣ. 1585ರ ಕಾನೂನಿನ ಪ್ರಕಾರ ವಿದೇಶದಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ ದೇಶದೊಳಗಿರುವುದೇ ರಾಜದ್ರೋಹ, ಅವನಿಗೆ ಆಸರೆ ಕೊಟ್ಟವರಿಗೂ ಮರಣದಂಡನೆ.

ಹೀಗಾಗಿ ರಾಜನ ಕೋಣೆಗೆ ಹೊಂದಿಕೊಂಡ ಹಳೆಯ ಕಕ್ಕಸಿನ ಜಾಗದಲ್ಲಿ ಪಾದ್ರಿ ಅಡಗುವ ಗೂಡು ಬಂತು. ನೆಲದ ಹಾಸಿನ ಒಂದು ಭಾಗ ನಿಜವಾಗಿ ಮುಚ್ಚಳ. ಒಂದು ಕಡೆ ಭಾರ ಹಾಕಿದರೆ ಇನ್ನೊಂದು ಕಡೆ ಏಳುತ್ತದೆ. ಕೆಳಗೆ ಒಬ್ಬ ಮನುಷ್ಯ ಮುದುರಿ ಕೂರುವಷ್ಟು ಜಾಗ. ಹಿಂದೆ ರಾಜ ಮಲಗಿದ್ದ ಕೋಣೆಯ ಪಕ್ಕದಲ್ಲೇ ರಾಜದ್ರೋಹಿಯ ಅಡಗುತಾಣ. ದಪ್ಪ ಗೋಡೆಯಲ್ಲಿ ಮೊದಲೇ ಇದ್ದ ಪೊಳ್ಳನ್ನೇ ಬಳಸಿಕೊಂಡಿದ್ದರಿಂದ ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ.

ಈ ಹಠದಿಂದ ಕಟ್ಟಡಕ್ಕೆ ಒಂದು ವಿಚಿತ್ರ ಲಾಭವಾಯಿತು. ದಂಡ ಕಟ್ಟಿ, ಅಧಿಕಾರದಿಂದ ದೂರ ಉಳಿದು, ಮುಂದೆ 17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದು ನಷ್ಟ ಮಾಡಿಕೊಂಡ ಮನೆತನದ ಕೈಯಲ್ಲಿ ದುಡ್ಡಿರಲಿಲ್ಲ. ನಾರ್ಫೊಕ್‌ನ ಬೇರೆ ಶ್ರೀಮಂತರು 18ನೇ ಶತಮಾನದಲ್ಲಿ ಇಟಲಿಯ ಮಾದರಿಯಲ್ಲಿ ಹೊಸ ಬಂಗಲೆ ಎಬ್ಬಿಸುತ್ತಿದ್ದಾಗ, ಇವರು ಹಳೆಯದರಲ್ಲೇ ಇದ್ದರು. ಆದರೂ 1775ರಲ್ಲಿ ದಕ್ಷಿಣದ ದೊಡ್ಡ ಹಜಾರವನ್ನು ಕೆಡವಿದರು. ಅದೊಂದು ನಿಜವಾದ ನಷ್ಟ. ಹೆಬ್ಬಾಗಿಲು ಉಳಿಯಿತು, ಆದರೆ ಅದು ಯಾವುದಕ್ಕೆ ಬಾಗಿಲಾಗಿತ್ತೋ ಅದು ಹೋಯಿತು.

ಮೂರನೆಯ ವೇಷ ಜನರನ್ನು ಜಾಸ್ತಿ ಮೋಸಗೊಳಿಸುತ್ತದೆ. 1829ರಲ್ಲಿ ಕ್ಯಾಥೊಲಿಕರ ಮೇಲಿನ ನಿರ್ಬಂಧಗಳು ಬಹುಪಾಲು ಹೋದವು. ಬ್ಯಾರನೆಟ್ ಎಂಬ ವಂಶಪಾರಂಪರ್ಯದ ಬಿರುದನ್ನು ಹೊತ್ತ ಮನೆತನದ ಆರನೆಯವನಾದ ಸರ್ ಹೆನ್ರಿ, ಪ್ಯಾಸ್ಟನ್ ಮನೆತನದ ಆಸ್ತಿವಂತ ಹುಡುಗಿಯನ್ನು ಮದುವೆಯಾಗಿ, ಪಾಳು ಬೀಳುತ್ತಿದ್ದ ಮನೆಗೆ ಮರಳಿದ. ವಾಸ್ತುಶಿಲ್ಪಿ ಜಾನ್ ಚೆಸೆಲ್ ಬಕ್ಲರ್‌ನನ್ನು ಕರೆಸಿದ. ಲಂಡನ್ನಿನ ಪಾರ್ಲಿಮೆಂಟ್ ಭವನದ ಸ್ಪರ್ಧೆಯಲ್ಲಿ ಎರಡನೆಯವನಾಗಿ ಬಂದವನು ಈತ. ಆಗ ಗಾಥಿಕ್ ಶೈಲಿಯ, ಅಂದರೆ ಮಧ್ಯಯುಗದ ಚೂಪು ಕಮಾನಿನ ಶೈಲಿಯ ಹುಚ್ಚು ಇಂಗ್ಲೆಂಡನ್ನು ಹಿಡಿದಿತ್ತು. ಅದೇ ಪಾರ್ಲಿಮೆಂಟ್ ಭವನದ ಅಲಂಕಾರ ರೂಪಿಸಿದ ಪ್ಯೂಜಿನ್, ಅವನ ತಂದೆ ಇಬ್ಬರೂ ಸೇರಿ ಆಕ್ಸ್‌ಬರಾ ಹೆಬ್ಬಾಗಿಲನ್ನು ಅಳೆದು ಬರೆದ ನಕ್ಷೆಗಳನ್ನು ಪ್ರಕಟಿಸಿದ್ದರು.

ಬಕ್ಲರ್ ಆಗ್ನೇಯ ಮೂಲೆಗೆ ಹೊಸ ಗೋಪುರ ಸೇರಿಸಿದ. ಮುಂಚಾಚಿದ ಕಿಟಕಿಗಳು, ಅಲಂಕಾರದ ಚಿಮಣಿಗಳು ಬಂದವು. ಹಜಾರ ಹೋಗಿ ಬಾಯಿ ತೆರೆದುಕೊಂಡಿದ್ದ ದಕ್ಷಿಣದ ಕಡೆಗೆ ಅದೇ ಶತಮಾನದಲ್ಲಿ ಒಂದು ತಗ್ಗು ಕಟ್ಟಡ ಬಂದು ಅಂಗಳ ಮತ್ತೆ ಮುಚ್ಚಿತು. ಫೋಟೊದಲ್ಲಿ ನಮಗೆ ‘ಆಹಾ ಮಧ್ಯಯುಗ’ ಅನ್ನಿಸುವ ಎಷ್ಟೋ ಅಂಶ ವಿಕ್ಟೋರಿಯಾ ಕಾಲದ್ದು. ಕೆಲವು ಪಂಡಿತರು ಇದನ್ನು ಸುಳ್ಳು ಎಂದು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೋಟೆಯಲ್ಲದ್ದನ್ನು ಕೋಟೆ ಮಾಡಿದವನಿಗೆ ಸಲ್ಲುವ ರಿಯಾಯಿತಿ, ಹಳತಲ್ಲದ್ದನ್ನು ಹಳತು ಮಾಡಿದವನಿಗೂ ಸಲ್ಲಬೇಕಲ್ವಾ?

ಗುರುತಿಸುವುದು ಹೇಗೆ? ಹತ್ತಿರ ಹೋಗಿ ಇಟ್ಟಿಗೆ ನೋಡಬೇಕು. 15ನೇ ಶತಮಾನದ ಗೋಡೆಯಲ್ಲಿ ತೆಳು ಇಟ್ಟಿಗೆ, ಮಾಸಿದ ಹಲವು ಕೆಂಪು, ಅಂಕುಡೊಂಕು ಸಾಲು, ದಪ್ಪ ಗಾರೆ. 19ನೇ ಶತಮಾನದ್ದರಲ್ಲಿ ಅಂಚು ಚೂಪು, ಅಳತೆ ಒಂದೇ, ಗಾರೆ ತೆಳು. ದೇಶದಲ್ಲಿ 1784ರಿಂದ 1850ರವರೆಗೆ ಇಟ್ಟಿಗೆಗೆ ತೆರಿಗೆಯೂ ಇತ್ತು, ಅಮೆರಿಕದ ಯುದ್ಧದ ಸಾಲ ತೀರಿಸಲು ಹಾಕಿದ್ದು. ತೆರಿಗೆ ಎಣಿಕೆಯ ಮೇಲೆ. ತಯಾರಕರು ಕೂಡಲೇ ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಆಮೇಲೆ ಸರಕಾರ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ತೆರಿಗೆ ಹಾಕಿತು.

1951ರಲ್ಲಿ ಮನೆ ಮಾರಾಟವಾಗಿ, ಕೆಡವಿ ಸಾಮಾನು ಮಾರುವ ಹಂತಕ್ಕೆ ಬಂತು. ಮನೆತನದ ಹಿರಿಯಾಕೆ ಲೇಡಿ ಸಿಬಿಲ್ ಬೆಡಿಂಗ್‌ಫೆಲ್ಡ್ ಮತ್ತು ಬಂಧುಗಳಾದ ಇನ್ನಿಬ್ಬರು ಹೆಂಗಸರು ತಮ್ಮ ತಮ್ಮ ಮನೆ ಮಾರಿ ಇದನ್ನು ಬಿಡಿಸಿಕೊಂಡರು. 1952ರಲ್ಲಿ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿತು.

ಇನ್ನು ಸುಣ್ಣದ ಗಾರೆಯ ವಿಷಯ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ನಿಧಾನವಾಗಿ. ಗಟ್ಟಿಯಾದ ಮೇಲೂ ಅದು ಸಿಮೆಂಟಿನಷ್ಟು ಬಿಗಿಯಲ್ಲ. ನೀರಿನ ಅಂಚಿನಲ್ಲಿ ನಿಂತ ಗೋಡೆ ಸ್ವಲ್ಪ ಕುಸಿದರೆ, ವಾಲಿದರೆ ಗಾರೆ ಅದಕ್ಕೆ ಬಗ್ಗುತ್ತದೆ. ಇಟ್ಟಿಗೆ ಹೀರಿದ ತೇವ ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಹಳೆಯ ಮೆತ್ತನೆ ಇಟ್ಟಿಗೆಯ ನಡುವೆ ಸಿಮೆಂಟ್ ತುಂಬಿದರೆ ದಾರಿ ಮುಚ್ಚಿ, ತೇವ ಇಟ್ಟಿಗೆಯೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಅದರ ಮುಖವನ್ನೇ ಸಿಡಿಸುತ್ತದೆ. ಹಳೆಯ ಗೋಡೆಯನ್ನು ರಿಪೇರಿ ಮಾಡುವವರು ಸುಣ್ಣಕ್ಕೇ ಅಂಟಿಕೊಳ್ಳುವುದು ಇದೇ ಕಾರಣಕ್ಕೆ.

ಸುಣ್ಣದ ಈ ಗುಣ ಆಕ್ಸ್‌ಬರಾದಲ್ಲಿ ಯಾರೂ ನಿರೀಕ್ಷಿಸದ ರೀತಿಯಲ್ಲಿ ಒದಗಿಬಂತು. 2016ರಲ್ಲಿ ಮಾಡಿನ ಒಂದು ಕಿಟಕಿ ಕಳಚಿ ಅಂಗಳಕ್ಕೆ ಬಿತ್ತು. ಪರೀಕ್ಷಿಸಿ ನೋಡಿದರೆ ಮಾಡು ಪೂರ್ತಿ ಸೋತಿತ್ತು. ಸುಮಾರು 60 ಲಕ್ಷ ಪೌಂಡ್ ಖರ್ಚಿನ ರಿಪೇರಿ ಶುರುವಾಯಿತು. ಅಟ್ಟದ ನೆಲದ ಹಲಗೆಗಳನ್ನು ಎತ್ತಿದಾಗ, 2020ರಲ್ಲಿ, ಅವುಗಳ ಕೆಳಗೂ ಮಾಡಿನ ಸಂದುಗಳಲ್ಲೂ ಶತಮಾನಗಳ ಕಸ ಸಿಕ್ಕಿತು. 15ನೇ ಶತಮಾನದ ಕೈಬರಹದ ಚರ್ಮದ ಹಾಳೆಯ ತುಂಡು, 1568ರಲ್ಲಿ ಅಚ್ಚಾದ ಪ್ರಾರ್ಥನೆಯ ಪುಸ್ತಕ, ಇಲಿಗಳು ಕಚ್ಚಿ ತಂದು ಗೂಡು ಮಾಡಿಕೊಂಡಿದ್ದ ಇನ್ನೂರಕ್ಕೂ ಹೆಚ್ಚು ಬಟ್ಟೆಯ ಚೂರುಗಳು, ಎರಡನೇ ಮಹಾಯುದ್ಧದ ಕಾಲದ ಖಾಲಿ ಚಾಕೊಲೇಟ್ ಡಬ್ಬಿ. ಕಾಗದ, ಬಟ್ಟೆ, ಚರ್ಮ ಇಷ್ಟು ವರ್ಷ ಕೊಳೆಯದೆ ಇದ್ದದ್ದು ಹೇಗೆ? ಅವುಗಳ ಮೇಲೆ ಸುಣ್ಣದ ಗಾರೆಯ ಪುಡಿ ದಪ್ಪಗೆ ಬಿದ್ದಿತ್ತು. ಅದು ತೇವವನ್ನೆಲ್ಲ ಎಳೆದುಕೊಂಡು ಎಲ್ಲವನ್ನೂ ಒಣಗಿಯೇ ಇರಿಸಿತ್ತು.